ನಾನು ಯಾವ ಪಟ್ಟೀಲಿದೀನಿ, ಮೇಡಂ?

ನಗೋರು ಈಗಲೇ ನಕ್ಕುಬಿಡಿ. ನಡುವೆ ನಕ್ಕರೆ ನನಗೆ ಎಳೆ ತಪ್ಪತ್ತೆ. ಇದು ಯಾರೋ ಎಲ್ಲೋ ಕೇಳಿದ್ದಲ್ಲ… ನಮ್ಮ ದೊಡ್ಡಮ್ಮನ ಮಗಳಿಗೇ ಆಗಿದ್ದು.

ರಾತ್ರಿ ಎಂಟೂವರೆ ಇರಬೇಕು. ಅಕ್ಕ ಬಸ್ಸಿಳಿದು ಮನೆಗೆ ನಡೀತಿದ್ದಳು. ಅವರ ಬೀದಿ ತಿರುವಿನಲ್ಲಿ ಒಂದು ಹಳೇ ಬಾವಿ ಇದೆ. ನೀರು ಸೇದೋದು ಬಿಟ್ಟು ಎಷ್ಟೋ ವರ್ಷ ಆಯ್ತು, ಮೇಲೆ ಕಬ್ಬಿಣದ ಜಾಲರಿ ಮುಚ್ಚಿದಾರೆ. ಅಲ್ಲಿರೋದು ಒಂದೇ ದೀಪದ ಕಂಬ. ಅದೂ ಮನಸ್ಸು ಬಂದರೆ ಉರಿಯತ್ತೆ.

ಹಿಂದಿನಿಂದ ಸದ್ದು ಬಂತು.

ಸರ್ರ್… ಟಕ್. ಸರ್ರ್… ಟಕ್.

ಸೈಕಲ್ ತಳ್ಕೊಂಡು ಬರೋ ಸದ್ದು. ಹಿಂದಿನ ಚಕ್ರ ಸೊಟ್ಟಗಾಗಿ ಮಡ್‌ಗಾರ್ಡಿಗೆ ಉಜ್ಜಿದರೆ ಹಂಗೆ ಕೇಳತ್ತೆ. ಅದರ ಜೊತೆಗೆ ಇನ್ನೊಂದು ಸದ್ದು, ಸಣ್ಣದು… ಝಿಲ್, ಝಿಲ್… ಕೀಲಿಕೈ ಗೊಂಚಲು ಅಲ್ಲಾಡಿದ ಹಾಗೆ.

ಅಕ್ಕ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಸೈಕಲ್ ಮುಂದೆ ಹೋಗಲಿಲ್ಲ. ಅವಳು ನಿಂತರೆ ನಿಲ್ಲತ್ತೆ. ನಡೆದರೆ ನಡೆಯತ್ತೆ.

"ಮೇಡಂ…" ಪಿಸುಮಾತು. ಗಂಡಸಿನ ದನಿ. "ನಾನು ಯಾವ ಪಟ್ಟೀಲಿದೀನಿ?"

ಅಕ್ಕ ಹೆದರೋ ಪೈಕಿ ಅಲ್ಲ. "ಕುಡಿದಿದ್ರೆ ಮನೆಗೆ ಹೋಗಿ ಮಲಗಿ" ಅಂದಳು, ತಿರುಗದೆ.

"ಕುಡಿಯಲ್ಲ ಮೇಡಂ. ಮಾರ್ಕೆಟ್ ತಿರುವು… ಬುಧವಾರ ಸಂಜೆ… ಲಾರಿ."

ಅಷ್ಟೇ. ಅಕ್ಕ ತಿರುಗಿ ನೋಡಿದರೆ ಕಂಬ, ಬಾವಿ, ಜಾಲರಿ. ಮನುಷ್ಯರ ಸುಳಿವಿಲ್ಲ.

ಈಗ ಅಕ್ಕನ ವಿಷಯ ಹೇಳ್ಬೇಕು, ಇಲ್ಲದಿದ್ರೆ ಆ ಪ್ರಶ್ನೆ ಅವಳನ್ನೇ ಯಾಕೆ ಕೇಳಿತು ಅಂತ ನಿಮಗೆ ಗೊತ್ತಾಗಲ್ಲ. ಮನೇಲಿ ನಾವು ಅವಳನ್ನ ಕರೆಯೋದು 'ಲೆಕ್ಕದಕ್ಕ' ಅಂತ. ಒಂದು ಡಜನ್ ಬಾಳೆಹಣ್ಣು ತಂದು, ಹನ್ನೊಂದಿದೆ ಅಂತ ಬಿಸಿಲಲ್ಲಿ ವಾಪಸ್ ಅಂಗಡಿಗೆ ಹೋದವಳು. ಹದಿಮೂರಿದ್ದರೂ ಹೋಗ್ತಿದ್ದಳು, ಅದು ಬೇರೆ ಮಾತು. ಕೆಲಸ ರಸ್ತೆ ಸುರಕ್ಷತೆ ಕಚೇರಿಯಲ್ಲಿ. ಊರಲ್ಲಿ ಎಲ್ಲೇ ಗಾಡಿ ಗುದ್ದಲಿ, ಮಾರನೇ ದಿನ ಹತ್ತು ಗಂಟೆಗೆ ಠಾಣೆಯಿಂದ ಒಂದು ಫಾರಂ ಇವಳ ಮೇಜಿಗೆ ಬರತ್ತೆ. ಸತ್ತವರು ಒಂದು ಪಟ್ಟಿಗೆ, ಗಾಯ ಆದವರು ಇನ್ನೊಂದು ಪಟ್ಟಿಗೆ. ವರ್ಷದ ಕೊನೆಗೆ ಎಲ್ಲ ಕೂಡಿಸಿ, ಗೆರೆ ಎಳೆದು, ಹೋದ ವರ್ಷಕ್ಕಿಂತ ಸಾವು ಏರಿತಾ ಇಳೀತಾ, ಯಾಕೆ, ಅಂತ ವರದಿ ಬರೆಯೋದು ಇವಳ ಪಾಲು.

ಆ ವರ್ಷ ಗೆರೆ ಜಾರುಬಂಡೆ ಥರ ಇಳಿದಿತ್ತು. ಹೋದ ವರ್ಷ ನೂರಾ ಎಂಬತ್ನಾಲ್ಕು ಸಾವು, ಈ ವರ್ಷ ನೂರಾ ಮೂವತ್ತೊಂದು. ಐವತ್ಮೂರು ಕಮ್ಮಿ! ಅವಳ ಸಾಹೇಬರಿಗೆ ಕಾಲು ನೆಲದ ಮೇಲಿರಲಿಲ್ಲ. ವರದಿ ಮೇಲಕ್ಕೆ ಹೋದ ತಕ್ಷಣ ಮಾರ್ಕೆಟ್ ತಿರುವಿನ ಹಂಪ್ ಕೀಳಿಸೋದು, ಹಗಲು ಹೊತ್ತು ಲಾರಿ ಬಿಡೋದು ಅಂತ ತೀರ್ಮಾನ ಆಗಿತ್ತು. ಸಾವೇ ಇಳಿದ ಮೇಲೆ ಕಟ್ಟುಪಾಡು ಯಾಕೆ?

ಅಕ್ಕನಿಗೆ ಮಾತ್ರ ಒಂದು ಮುಳ್ಳು ಚುಚ್ಚುತ್ತಿತ್ತು. ಸತ್ತವರ ಗೆರೆ ಇಳಿದಿದೆ. ಆದರೆ ಜೋರು ಗಾಯ ಆದವರ ಗೆರೆ ಏರಿದೆ. ನಾನೂರ ಹತ್ತು ಇದ್ದದ್ದು ಐನೂರ ನಲವತ್ತಾಗಿದೆ. ಸಾಹೇಬರನ್ನ ಕೇಳಿದರೆ ನಕ್ಕರು. "ಮೊದಲು ಸಾಯ್ತಿದ್ದೋರು ಈಗ ಗಾಯ ಆಗಿ ಬದುಕ್ತಿದಾರಮ್ಮ. ಒಳ್ಳೇ ಸುದ್ದಿ ತಾನೆ? ನಿನಗೆ ಹಾಲಲ್ಲೂ ಹುಳಿ ಕಾಣತ್ತೆ." ಅವರ ಮಾತೂ ತಳ್ಳಿ ಹಾಕೋ ಹಾಗಿರಲಿಲ್ಲ. ಇದ್ದರೂ ಇರಬಹುದು ಅಂತ ಅಕ್ಕ ಸುಮ್ಮನಾಗಿದ್ದಳು.

ಬಾವಿ ಹತ್ತಿರ ಆ ದನಿ ಬಂದಿದ್ದು ಅದೇ ವಾರ.

ಮಾರನೇ ದಿನ ಅಕ್ಕ ಫಾರಂ ಹುಡುಕಿದಳು. ಸಿಕ್ಕಿತು. ಮಾರ್ಕೆಟ್ ತಿರುವು, ಬುಧವಾರ, ಸಂಜೆ ಆರೂ ಹತ್ತು. ಲಾರಿ, ಸೈಕಲ್. ಗಂಡಸು, ನಲವತ್ತೆರಡು ವರ್ಷ, ಕೀಲಿಕೈ ಮಾಡುವವನು. ಜೋರು ಗಾಯ. ಬದುಕಿದ್ದಾನೆ! ಅಕ್ಕನಿಗೆ ಉಸಿರು ಬಂತು. ಪಾಪ, ಯಾರೋ ತಲೆಗೆ ಪೆಟ್ಟು ಬಿದ್ದವನು, ನೆನಪು ಹಿಂದುಮುಂದಾಗಿ ಓಡಾಡ್ತಿದಾನೆ ಅಂದ್ಕೊಂಡಳು.

ಆವತ್ತು ರಾತ್ರಿಯೂ ಬಂತು. ಸರ್ರ್… ಟಕ್. ಝಿಲ್.

ಅಕ್ಕನೇ ಮೊದಲು ಮಾತಾಡಿದಳು. "ನೋಡಿದೆ ಕಣ್ರೀ. ಗಾಯಾಳು ಪಟ್ಟೀಲಿದೀರಿ."

ಸದ್ದು ನಿಂತಿತು. ಜಾಲರಿ ಕೆಳಗೆ, ಬಾವಿ ಒಳಗೆ, ಒಂದು ಹನಿ ಬಿದ್ದ ಸದ್ದು… ತಪ್.

"ಸತ್ತವರ ಪಟ್ಟೀಲಿಲ್ವಾ?"

"ಇಲ್ಲ."

"ಬರೆದಿದೆಯಾ ಹಂಗಂತ?"

"ಬರೆದಿದೆ."

"ಹಾಗಾದ್ರೆ…" ಝಿಲ್ ಅಂತು ಗೊಂಚಲು. "ಹಾಗಾದ್ರೆ ನಾನು ಮನೆಗೆ ಹೋಗಬಹುದಾ ಮೇಡಂ?"

"ಧಾರಾಳವಾಗಿ ಹೋಗಿ. ಯಾರು ಬೇಡ ಅಂದ್ರು?" ಅಂದಳು ಅಕ್ಕ.

ಅಂದುಬಿಟ್ಟಳು.

ಮೂರು ದಿನ ಬಾವಿ ಹತ್ತಿರ ಏನೂ ಇಲ್ಲ. ನಾಲ್ಕನೇ ದಿನ ಮಧ್ಯಾಹ್ನ ಕಚೇರಿಗೆ ಒಬ್ಬ ಹೆಂಗಸು ಬಂದಳು. ಹೊಲಿಗೆ ಕೆಲಸದವಳು. ಅಳತೆ ಟೇಪು ಇನ್ನೂ ಕುತ್ತಿಗೆಯಲ್ಲೇ ನೇತಾಡ್ತಿತ್ತು, ಮಷೀನಿನಿಂದ ಎದ್ದು ನೇರ ಬಂದಿದ್ದಳು. ಬಾಗಿಲಲ್ಲಿ ನಿಂತು, ಎಲ್ಲರಿಗೂ ಕೇಳೋ ಹಾಗೆ ಅಂದಳು:

"ನನ್ನ ಗಂಡ ಸತ್ತಿಲ್ಲ ಅಂತ ಹೇಳಿದ ಮೇಡಂ ಯಾರು?"

ಟೈಪ್ ಮಾಡ್ತಿದ್ದ ಕೈಗಳೆಲ್ಲ ನಿಂತವು. ಅಕ್ಕ ಎದ್ದಳು. "ನಾನೇ. ಬನ್ನಿ, ಕೂತ್ಕೊಳ್ಳಿ."

"ಕೂರೋಕೆ ಬಂದಿಲ್ಲ. ಮೂರು ರಾತ್ರಿಯಿಂದ ಬರ್ತಿದಾರೆ. ಮೊದಲನೇ ರಾತ್ರಿ ಗೇಟಿನ ಹತ್ತಿರ. ಎರಡನೇ ರಾತ್ರಿ ಮೆಟ್ಟಿಲ ಮೇಲೆ. ನಿನ್ನೆ ಬೀಗಕ್ಕೆ ಕೀಲಿಕೈ ಹಾಕಿ ತಿರುಗಿಸಿದ್ರು. ಕಟಕ್ ಅಂತ ಬೀಗ ಬಿಚ್ಕೊಳ್ತು. ಒಳಗಿನ ಚಿಲಕ ಇತ್ತು, ಉಳಿದ್ವಿ. 'ಬಾಗಿಲು ತೆಗಿ, ಕಚೇರಿ ಮೇಡಂ ಹೇಳಿದಾರೆ, ನಾನು ಗಾಯಾಳು ಪಟ್ಟೀಲಿದೀನಂತೆ, ಮನೆಗೆ ಬರಬಹುದಂತೆ' ಅಂತಾರೆ. ನನ್ನ ಮಗಳು ಎದ್ದು ಕೂತು 'ಅಪ್ಪ ಬಂದ್ರು' ಅಂತಾಳೆ. ಏನು ಮಾಡ್ಲಿ ನಾನು?"

"ಅವರು… ಯಾವಾಗ ಹೋದ್ರು?"

"ಹನ್ನೊಂದನೇ ದಿನ. ದೊಡ್ಡಾಸ್ಪತ್ರೇಲಿ ಹೊಸ ಮಷೀನು ಬಂದಿದೆಯಲ್ಲ, ಅದರಲ್ಲಿ ಹತ್ತು ದಿನ ಉಸಿರಾಡಿಸಿದ್ರು. ಆಮೇಲೆ ನಂಜು ಏರಿ ಸತ್ತ ಅಂತ ಬರ್ಕೊಟ್ರು. ಲಾರಿ ಗುದ್ದದೆ ನಂಜು ಎಲ್ಲಿಂದ ಬಂತು ಮೇಡಂ? ಮುಗಿಲಿಂದ ಉದುರಿತಾ?"

ಅಕ್ಕ ಆ ಬುಧವಾರದ ಫಾರಂ ತೆಗೆದು ಮೇಜಿನ ಮೇಲಿಟ್ಟಳು.

ಹೆಂಗಸು ಸ್ವಲ್ಪ ತಣ್ಣಗಾಗಿ ಹೇಳಿದಳು. "ಅವರು ಹಂಗೇ. ಬದುಕಿದ್ದಾಗಲೂ ಹಂಗೇ. ಯಾರಾದ್ರೂ ಕೀಲಿಕೈ ಮಾಡಿಸೋಕೆ ಬಂದ್ರೆ ಹೆಸರು, ವಿಳಾಸ ಬರೆಸ್ಕೊಳ್ಳದೆ ಅರ ಮುಟ್ತಿರಲಿಲ್ಲ. ಕಾಗದದ ಮೇಲೆ ಬರೆದಿದ್ದೇ ನಿಜ ಅವರಿಗೆ. ಸತ್ತ ಮೇಲೂ ನಿಮ್ಮ ಕಾಗದ ನಂಬ್ಕೊಂಡು ಬರ್ತಿದಾರೆ. ನೀವು ಬರೆದಿದ್ದು. ನೀವೇ ತಿದ್ದಿ."

ಅಕ್ಕ ಫಾರಂ ಎತ್ಕೊಂಡು ಸಾಹೇಬರ ಕೋಣೆಗೆ ಹೋದಳು. ದೆವ್ವದ ಸುದ್ದಿ ಎತ್ತಲಿಲ್ಲ. ಹನ್ನೊಂದನೇ ದಿನ ಸತ್ತಿದಾನೆ ಅಂತಷ್ಟೇ ಹೇಳಿದಳು.

"ನಿಯಮ ಗೊತ್ತಲ್ಲಮ್ಮ" ಅಂದರು ಸಾಹೇಬರು. ಕೆಟ್ಟವರಲ್ಲ ಅವರು, ನಿವೃತ್ತಿಗೆ ಎರಡು ವರ್ಷ ಇತ್ತು ಅಷ್ಟೇ. "ಒಂದು ದಿನದೊಳಗೆ ಹೋದರೆ ರಸ್ತೆ ಸಾವು. ಆಮೇಲೆ ಹೋದರೆ ಆಸ್ಪತ್ರೆ ಸಾವು."

"ಆಸ್ಪತ್ರೆಯವರು ನಂಜು ಅಂತಾರೆ ಸರ್. ನಾವು ಗಾಯ ಅಂತೀವಿ. ಹಾಗಾದ್ರೆ ಅವನನ್ನ ಲಾರಿ ಗುದ್ದಿ ಕೊಂದಿದ್ದು ಯಾರ ಪಟ್ಟೀಲಿದೆ?"

"ಒಬ್ಬನಿಗೋಸ್ಕರ…"

"ಆ ಮಷೀನು ಬಂದಿದ್ದು ಯಾವಾಗ ಸರ್?"

ಸಾಹೇಬರು ಯೋಚಿಸಿದರು. "ಹೋದ ವರ್ಷದ ಕೊನೆಗೆ." ಹೇಳಿದ ಮೇಲೆ ಅವರ ಮುಖ ಸ್ವಲ್ಪ ಸಣ್ಣಗಾಯ್ತಂತೆ.

ನೋಡಿ, ವಿಷಯ ಇಷ್ಟೇ. ಮೊದಲು ಜೋರು ಪೆಟ್ಟು ಬಿದ್ದವರು ಅದೇ ದಿನ ಸಾಯ್ತಿದ್ರು. ಸತ್ತವರ ಪಟ್ಟಿಗೆ ಹೋಗ್ತಿದ್ರು. ಈಗ ಮಷೀನು ನಾಲ್ಕು ದಿನವೋ ಹತ್ತು ದಿನವೋ ಹಿಡಿದಿಟ್ಕೊಳ್ಳತ್ತೆ. ಅಷ್ಟರಲ್ಲಿ ಫಾರಂ ಬಂದುಬಿಟ್ಟಿರತ್ತೆ. ಗಾಯಾಳು ಅಂತ ಬರೆದಾಗಿರತ್ತೆ. ಆಮೇಲೆ ಅವರು ಏನಾದ್ರು ಅಂತ ಯಾರೂ ತಿರುಗಿ ಕೇಳಲ್ಲ.

ಅಕ್ಕ ಮೇಜಿಗೆ ವಾಪಸ್ ಬಂದಳು. ಕೆಂಪು ಶಾಯಿಯಲ್ಲಿ ಗಾಯಾಳು ಪಟ್ಟಿಯಿಂದ ಒಂದು ಸಾಲು ಹೊಡೆದಳು. ಸತ್ತವರ ಪಟ್ಟೀಲಿ ಬರೆದಳು. ಪಕ್ಕದಲ್ಲಿ ಸಹಿ, ತಾರೀಕು. ಅನುಮತಿ ಕೇಳಲಿಲ್ಲ.

ಆ ರಾತ್ರಿ ಬೇಕಂತಲೇ ಬಾವಿಕಟ್ಟೆ ಹತ್ತಿರ ನಿಂತಳು. ಕಂಬದ ದೀಪ ಉರೀತಿರಲಿಲ್ಲ. ಎಲ್ಲೋ ಒಂದು ನಾಯಿ ಬೊಗಳ್ತಿತ್ತು, ಅದೂ ನಿಂತಿತು.

ಸರ್ರ್… ಟಕ್. ಸರ್ರ್… ಟಕ್.

"ನಿಲ್ಲಿ" ಅಂದಳು ಅಕ್ಕ. "ನಾನು ಹೇಳಿದ್ದು ತಪ್ಪು. ನೀವು ಸತ್ತವರ ಪಟ್ಟೀಲಿದೀರಿ."

ಝಿಲ್ ಅನ್ನೋದೂ ಇಲ್ಲ.

"ಬರೆದಾಗಿದೆಯಾ?"

"ಬರೆದಾಗಿದೆ. ಸಹಿ ಮಾಡಿದೀನಿ."

"ಲಾರಿ ಅಂತ ಬರೆದಿದೀರಾ? ನಂಜು ಅಂತಲ್ವಲ್ಲ?"

"ಲಾರಿ ಅಂತಲೇ."

"ಸರಿ" ಅಂದಿತು ದನಿ. ದೊಡ್ಡ ಮೂಟೆ ಇಳಿಸಿದವರು ಅಂತಾರಲ್ಲ, ಹಂಗೆ. ಆಮೇಲೆ, ಇನ್ನೂ ಮೆಲ್ಲಗೆ… "ನಾನೊಬ್ಬನೇನಾ ಮೇಡಂ?"

ಅಕ್ಕನಿಗೆ ಅರ್ಥ ಆಗಲಿಲ್ಲ. ಆಗ ಕೇಳಿಸಿತು.

ಅವನ ಹಿಂದೆ, ಕತ್ತಲಲ್ಲಿ… ಟೊಕ್, ಟೊಕ್… ಊರುಗೋಲು. ಅದರ ಹಿಂದೆ ಸ್ಕೂಟರ್ ತಳ್ಳೋ ಸದ್ದು, ಕಿಕ್ ಹೊಡೆದು ಹೊಡೆದು ಸ್ಟಾರ್ಟ್ ಆಗದ್ದು… ಫುಸ್, ಫುಸ್. ಅದರ ಹಿಂದೆ ಬಳೆ. ಒದ್ದೆ ಚಪ್ಪಲಿ ಎಳೆಯೋ ಪಚ್ ಪಚ್. ಎಲ್ಲಕ್ಕಿಂತ ಹಿಂದೆ, ಸಣ್ಣ ಮಕ್ಕಳಿಗೆ ಹಾಕ್ತಾರಲ್ಲ, ಹೆಜ್ಜೆ ಇಟ್ಟರೆ ಕೀಚ್ ಅನ್ನೋ ಬೂಟು… ಕೀಚ್… ಕೀಚ್… ಕೀಚ್.

"ನಾನು ಯಾವ ಪಟ್ಟೀಲಿದೀನಿ?" ಒಂದು ದನಿ.

"ನಾನು?" ಇನ್ನೊಂದು.

"ನಾನು ಮೇಡಂ?"

ನಾನೋ ನೀವೋ ಆಗಿದ್ದರೆ ಚಪ್ಪಲಿ ಅಲ್ಲೇ ಬಿಟ್ಟು ಓಡ್ತಿದ್ವಿ. ಅಕ್ಕನಿಗೂ ಕಾಲು ಓಡು ಅಂತಿತ್ತಂತೆ. ಆದರೆ ಐವತ್ಮೂರು ಕಮ್ಮಿ ಅಂತ ತಾನೇ ಎಳೆದ ಗೆರೆ ಕಣ್ಣೆದುರಿಗೆ ಬಂತು. ಅವಳಿಗೆ ಬಂದಿದ್ದು ಸಿಟ್ಟು. ಬ್ಯಾಗಿನಿಂದ ನೋಟ್‌ಬುಕ್ ತೆಗೆದಳು. ಕಚೇರೀಲಿ ಗಲಾಟೆ ಮಾಡೋರಿಗೆ ಹೇಳೋ ದನಿಯಲ್ಲೇ ಹೇಳಿದಳು:

"ಸಾಲಾಗಿ ನಿಲ್ಲಿ. ತಳ್ಳಾಡಬೇಡಿ. ಒಬ್ಬೊಬ್ಬರಾಗಿ ಹೇಳಿ… ಎಲ್ಲಿ, ಯಾವತ್ತು, ಯಾವ ಗಾಡಿ. ಮಗು ಇದ್ದರೆ ಮುಂದೆ ಬಿಡಿ."

ಬಿಟ್ಟರಂತೆ. ಕೀಚ್ ಕೀಚ್ ಅಂತ ಆ ಬೂಟು ಮುಂದೆ ಬಂದು ಅವಳ ಸೀರೆ ನೆರಿಗೆ ಹತ್ತಿರ ನಿಂತಿತು. ಮಗುವಿಗೆ ದಿನ ಗೊತ್ತಿರಲಿಲ್ಲ. "ಬಸ್ಸು ಹಳದಿ" ಅಂತಷ್ಟೇ ಹೇಳಿತು. ಅದನ್ನೇ ಬರ್ಕೊಂಡಳು.

ಮೊಬೈಲ್ ಬೆಳಕಿನಲ್ಲಿ ಇಪ್ಪತ್ತೆರಡು ಜನರದ್ದು ಬರೆದಳು. ಆಮೇಲೆ ಪೆನ್ನು ನಿಂತುಹೋಯ್ತು. "ಉಳಿದವರನ್ನ ನಾನೇ ಹುಡುಕ್ತೀನಿ. ಇನ್ನು ಇಲ್ಲಿ ಬರೋ ಕೆಲಸ ಇಲ್ಲ" ಅಂದು ಮನೆಗೆ ಹೋದಳು. ದೊಡ್ಡಮ್ಮ ಬಾಗಿಲಲ್ಲೇ ಕಾಯ್ತಿದ್ದರು. "ಇಷ್ಟು ಹೊತ್ತು ಬಾವಿ ಹತ್ತಿರ ಒಬ್ಬಳೇ ನಿಂತು ಬರ್ಕೋತಿದ್ದೆಯಂತೆ! ಜನ ಏನಂತಾರೆ?"

"ಜನ ಬದುಕಿದ್ರೆ ತಾನೆ ಅನ್ನೋದು, ಅಮ್ಮ" ಅಂದು ಊಟಕ್ಕೆ ಕೂತಳು.

ಈಗ ಕೇಳಿ. ಅಕ್ಕ ಆ ನೋಟ್‌ಬುಕ್ಕಿನಿಂದ ನೇರ ವರದಿಗೆ ಒಂದು ಸಾಲನ್ನೂ ಬರೆಯಲಿಲ್ಲ. ದೆವ್ವ ಹೇಳಿತು ಅನ್ನೋದು ದಾಖಲೆ ಆಗಲ್ಲ ಅಂತ ಅವಳ ವಾದ. ಒಂದೊಂದನ್ನೂ ಫಾರಂ ಜೊತೆ ತಾಳೆ ನೋಡಿ ಮನೆಗೆ ಫೋನ್ ಮಾಡಿದಳು. ಇಪ್ಪತ್ತೆರಡರಲ್ಲಿ ಇಪ್ಪತ್ತೊಂದು ಸಾವು, ನಿಜ. ಒಬ್ಬ ಮಾತ್ರ ತಾನೇ ಫೋನ್ ಎತ್ತಿ "ಯಾರ್ರೀ ಅದು?" ಅಂದ. ವಿಚಾರಿಸಿದರೆ, ಬಾವಿ ಹತ್ತಿರ ಬರ್ಕೊಂಡ ಆ ರಾತ್ರಿ ಅವನು ಆಸ್ಪತ್ರೇಲಿ ಪ್ರಜ್ಞೆ ಇಲ್ಲದೆ ಮಲಗಿದ್ದನಂತೆ. ಬೆಳಗ್ಗೆ ಕಣ್ಣು ಬಿಟ್ಟನಂತೆ. "ನೀವು ಗಾಯಾಳು ಪಟ್ಟೀಲೇ ಇರಿ, ದಯವಿಟ್ಟು" ಅಂದಳು ಅಕ್ಕ. ಅವನಿಗೆ ಏನೂ ಅರ್ಥ ಆಗಲಿಲ್ಲ.

ಅಷ್ಟಕ್ಕೆ ಬಿಡಲಿಲ್ಲ. ಐನೂರ ನಲವತ್ತು ಮನೆಗೂ ಫೋನ್ ಮಾಡಿದಳು. ಪಕ್ಕದ ಮೇಜಿನ ಗುಮಾಸ್ತ, ಬದುಕಿಡೀ ಐದು ಗಂಟೆಗೆ ಎದ್ದು ಹೋದವನು, ಅವನೂ ಕೂತು ಫೋನ್ ಹಚ್ಚಿದ. "ಈ ವರ್ಷದ್ದು ಮಾತ್ರ ಹುಡುಕಿದರೆ ಅನ್ಯಾಯ" ಅಂತ ಅಕ್ಕ ಹೋದ ವರ್ಷದ ನಾನೂರ ಹತ್ತು ಮನೆಗೂ ಮಾಡಿದಳು. ಮೂರು ವಾರ. ಎಷ್ಟೋ ಮನೇಲಿ ಬೈದರು. ಎಷ್ಟೋ ಮನೇಲಿ ಫೋನ್ ಇಡಲಿಲ್ಲ, ಅಳ್ತಾ ಮಾತಾಡ್ತಾನೇ ಇದ್ದರು. ನಲವತ್ತು ಮನೆ ಸಿಗಲೇ ಇಲ್ಲ. ಅದನ್ನ 'ಸಿಗಲಿಲ್ಲ' ಅಂತಲೇ ಬರೆದಳು.

ಹೋದ ವರ್ಷ ತಡವಾಗಿ ಸತ್ತವರು ಮೂವತ್ತೊಂದು. ಈ ವರ್ಷ ಎಪ್ಪತ್ತೆಂಟು.

ಕೂಡಿಸಿ ನೋಡಿ. ಹೋದ ವರ್ಷ ಇನ್ನೂರ ಹದಿನೈದು. ಈ ವರ್ಷ ಇನ್ನೂರ ಒಂಬತ್ತು.

ಸಭೆ ದಿನ ದೊಡ್ಡ ಸಾಹೇಬರು ಬಂದಿದ್ದರು. ಕೋಣೆ ತುಂಬ ಕುರ್ಚಿ, ಗೋಡೆ ಮೇಲೆ ಗೆರೆ. ಒಂದಲ್ಲ, ಎರಡು ಗೆರೆ. ಒಂದು ಜಾರುಬಂಡೆ. ಇನ್ನೊಂದು ಹೆಚ್ಚು ಕಮ್ಮಿ ಚಪ್ಪಟೆ.

"ಸಾವು ಇಳಿದಿಲ್ಲ ಅಂತೀರಾ?" ದೊಡ್ಡ ಸಾಹೇಬರು.

"ಇಳಿದಿದೆ ಸರ್. ಆರು."

"ವರದಿಯಲ್ಲಿ ಐವತ್ಮೂರು ಅಂತಿತ್ತಲ್ಲ?"

"ಆರು ಜನ ಉಳಿದಿದ್ದರೆ ಆರು ಜನಕ್ಕೂ ಸಂತೋಷ ಪಡೋಣ ಸರ್. ಉಳಿದ ನಲವತ್ತೇಳು ಜನ ಬದುಕಿಲ್ಲ. ಸಾಯೋ ದಿನ ಮುಂದಕ್ಕೆ ಹೋಗಿದೆ, ರಸ್ತೆ ಹಾಗೇ ಇದೆ. ಮಾರ್ಕೆಟ್ ತಿರುವಿನಲ್ಲಿ ಒಬ್ಬರೂ ಸತ್ತಿಲ್ಲ ಅಂತ ಹಂಪ್ ಕೀಳಿಸ್ತಿದೀರಿ. ಅಲ್ಲಿ ಐದು ಜನ ಸತ್ತಿದಾರೆ. ಮನೆ ವಿಳಾಸ ಸಮೇತ ಕೊಟ್ಟಿದೀನಿ."

"ನಿಯಮದ ಪ್ರಕಾರ…" ಅಂತ ಅವಳ ಸಾಹೇಬರು ಗಂಟಲು ಸರಿ ಮಾಡ್ಕೊಂಡರು.

"ನಿಯಮದ ಗೆರೆ ಅಳಿಸಿ ಅಂತ ನಾನು ಹೇಳಿಲ್ಲ ಸರ್. ಪಕ್ಕದಲ್ಲಿ ಎರಡನೇ ಗೆರೆ ಇರಲಿ. ಎರಡೂ ಇದ್ದರೆ ಸಹಿ ಹಾಕ್ತೀನಿ. ಒಂದೇ ಇರಬೇಕು ಅಂದ್ರೆ ಬೇರೆ ಯಾರಿಂದಾದ್ರೂ ಹಾಕಿಸ್ಕೊಳ್ಳಿ. ನನ್ನ ಕೈ ಬರಲ್ಲ."

"ಕೆಲಸದ ಮೇಲೆ ಆಸೆ ಇದೆಯಾ ನಿಮಗೆ?"

"ಇದೆ ಸರ್. ಅದಕ್ಕೇ ಹೇಳ್ತಿದೀನಿ."

ದೊಡ್ಡ ಸಾಹೇಬರು ಆ ವಿಳಾಸದ ಹಾಳೆಗಳನ್ನ ಒಂದೊಂದಾಗಿ ತಿರುವಿ ಹಾಕಿದರು. ಹಳದಿ ಬಸ್ಸಿನ ಸಾಲಿನ ಹತ್ತಿರ ಬೆರಳು ನಿಂತಿತಂತೆ. "ಎರಡೂ ಇರಲಿ" ಅಂದು ಎದ್ದು ಹೋದರು.

ಹಂಪ್ ಉಳಿದವು. ಲಾರಿ ಹಗಲು ಬರಲಿಲ್ಲ. ಅಕ್ಕನನ್ನ ಎರಡು ತಿಂಗಳಲ್ಲಿ ಕೆಳಮಹಡಿ ಉಗ್ರಾಣಕ್ಕೆ ಹಾಕಿದರು, ಪೊರಕೆ ಬಕೆಟ್ ಎಣಿಸೋಕೆ. ಅವಳೇನು ಸೋತಳಾ? ಅಲ್ಲಿಂದಲೇ ತಿಂಗಳಿಗೊಮ್ಮೆ ಎಲ್ಲ ಗಾಯಾಳುಗಳ ಮನೆಗೆ ಫೋನ್ ಮಾಡ್ತಾಳೆ. "ಪೊರಕೆ ಎಣಿಸಿ ಮುಗಿಯತ್ತೆ ಕಣೋ, ಹನ್ನೊಂದು ಗಂಟೆಗೆಲ್ಲ" ಅಂತಾಳೆ.

ಹೊಲಿಗೆಯವಳ ಮನೆಗೂ ಹೋಗಿದ್ದಳು. ಅಕ್ಕ ಕೆಂಪು ಶಾಯಿಯಲ್ಲಿ ತಿದ್ದಿದ ದಿನದಿಂದ ಅಲ್ಲಿ ಸದ್ದಿಲ್ಲ. "ಒಳ್ಳೇದಾಯ್ತು" ಅಂದಳು ಆ ಹೆಂಗಸು, ಸೂಜಿಗೆ ದಾರ ಪೋಣಿಸ್ತಾ. ದಾರಕ್ಕೆ ಗಂಟು ಹಾಕಿ ಹೇಳಿದಳು, "ಆವತ್ತು ರಾತ್ರಿ ಮಗಳನ್ನ ಪಕ್ಕದ ಮನೇಲಿ ಮಲಗಿಸಿ, ನಾನೇ ಚಿಲಕ ತೆಗೆದಿಟ್ಟು ಕೂತಿದ್ದೆ ಮೇಡಂ. ಬರಲಿಲ್ಲ."

ಅಕ್ಕ ಅದಕ್ಕೆ ಏನಂದಳು ಅಂತ ನನಗೆ ಹೇಳಿಲ್ಲ. ನಾನೂ ಕೇಳಿಲ್ಲ.

ಹಾಂ, ಒಂದು ಬಿಟ್ಟೆ. ಸಭೆ ದಿನ ಬೆಳಗ್ಗೆದು. ಇದನ್ನ ಅಕ್ಕ ಅಲ್ಲ, ಆ ಕಚೇರಿ ಕಾವಲುಗಾರನೇ ನನಗೆ ಹೇಳಿದ್ದು. ಇನ್ನೂ ಅಲ್ಲೇ ಇದಾನೆ, ನಂಬದವರು ಹೋಗಿ ಕೇಳಿ. ಅಕ್ಕ ಫೈಲು ಹಿಡ್ಕೊಂಡು ಲಿಫ್ಟ್ ಹತ್ತಿದಳು. ಫೈಲಿನ ಇನ್ನೊಂದು ಕಟ್ಟು ಹೊತ್ಕೊಂಡು ಅವನೂ ಹತ್ತಿದ. ಎಂಟು ಜನ ಹಿಡಿಯೋ ಲಿಫ್ಟು. ಒಳಗಿದ್ದದ್ದು ಅವರಿಬ್ಬರೇ. ಮೂರನೇ ಮಹಡಿ ಒತ್ತಿದ. ಬಾಗಿಲು ಮುಚ್ಚಲಿಲ್ಲ. ಪೀಂ… ಪೀಂ… ಪೀಂ… ಅಂತ ಗಂಟೆ ಬಡ್ಕೊಳ್ಳೋಕೆ ಶುರುವಾಯ್ತು. ಮೇಲೆ ಕೆಂಪಕ್ಷರ: ಭಾರ ಹೆಚ್ಚಾಗಿದೆ.

ಕಾವಲುಗಾರ ಇಳಿದ. ಗಂಟೆ ನಿಲ್ಲಲಿಲ್ಲ. ಅಕ್ಕ ಒಂದು ಸಲ ಹಿಂದೆ ತಿರುಗಿ ನೋಡಿದಳಂತೆ, ಖಾಲಿ ಲಿಫ್ಟನ್ನ. "ನೀವು ಹೋಗಿ. ನಾನು ಮೆಟ್ಟಿಲಲ್ಲಿ ಬರ್ತೀನಿ" ಅಂದು ಹೊರಗೆ ಬಂದಳು.

ಗಂಟೆ ನಿಂತಿತು. ಬಾಗಿಲು ತಾನಾಗಿ ಮುಚ್ಚಿತು. ಲಿಫ್ಟು ಮೇಲೆ ಹೋಯ್ತು.

ಮಧ್ಯಾಹ್ನ ರಿಪೇರಿಯವನು ಬಂದು ತಂತಿ, ಗುಂಡಿ ಎಲ್ಲ ಬಿಚ್ಚಿ ನೋಡಿದ. ಏನೂ ಕೆಟ್ಟಿರಲಿಲ್ಲ.